ಸೋಮವಾರದ ತೂಕ

"ಅರ್ಧ ಕಣೆ, ಬರೀ ಅರ್ಧ. ಹಬ್ಬದ ದಿನ ತವರಲ್ಲಿ ಖಾಲಿ ಎಲೆ ಮುಂದೆ ಕೂತ್ಕಂಡ್ರೆ ನೋಡ್ದೋರು ಏನಂತಾರೆ?"

ಪಿಳ್ಳಮ್ಮ ಒಬ್ಬಟ್ಟನ್ನು ಮಗಳ ಎಲೆಯ ಮೇಲೆ ಹಿಡಿದುಕೊಂಡೇ ನಿಂತಿದ್ದಳು. ಚೈತ್ರ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದಳು. ತುಪ್ಪದ ಹನಿಯೊಂದು ಅವಳ ಮುಂಗೈ ಮೇಲೆ ಬಿತ್ತು. ಬೆಳಗಿನಿಂದ ಒಂದು ಲೋಟ ಅಂಬಲಿ ಬಿಟ್ಟರೆ ಏನೂ ಕಾಣದ ಹೊಟ್ಟೆ ಅದನ್ನು ನೆಕ್ಕಿಬಿಡು ಎಂದಿತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬೇಡಮ್ಮ. ಸೋಮವಾರ ಒಂದು ಕಳೀಲಿ. ಆಮೇಲೆ ನೀನು ಎಷ್ಟು ಹಾಕಿದ್ರೂ ತಿಂತೀನಿ."

"ಬಿಡೇ ಅವಳ್ನ," ಎಂದ ಗಂಗಣ್ಣ ತನ್ನ ಎಲೆಯಿಂದ ತಲೆ ಎತ್ತದೆ. ಹೆಂಡತಿಗೆ ಬುದ್ಧಿ ಹೇಳಿದ ಪುಣ್ಯಕ್ಕೋ ಎಂಬಂತೆ ಆ ಒಬ್ಬಟ್ಟು ಅವನ ಎಲೆಗೆ ಬಿತ್ತು. ಅವನು ಬೇಡ ಎನ್ನಲಿಲ್ಲ. ಅವರ ಊರು ಸಾಸಲಿನ ಕಡೆ ಬೇಡ ಎಂದವರ ಎಲೆಗೆ ಇನ್ನೊಂದು ಬೀಳುವುದೇ ಮರ್ಯಾದೆ. ನಿಜವಾಗಿಯೂ ಬೇಡದವರು ಹೇಗೆ ಹೇಳಬೇಕೆಂಬುದಕ್ಕೆ ಅಲ್ಲಿ ಮಾತೇ ಇಲ್ಲ.

ಚೈತ್ರಳಿಗೆ ನಿಜವಾಗಿಯೂ ಬೇಡವಾಗಿತ್ತು. ಅವಳ ಗಂಡ ನವೀನ್‌ಕುಮಾರ್ ದೊಡ್ಡಬಳ್ಳಾಪುರದಲ್ಲಿ ಸೀರೆ ಮಗ್ಗಗಳ ಶೆಡ್ಡೊಂದರ ಮೇಸ್ತ್ರಿ. ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ನಲ್ಲಿ ಹೇಗೋ ದಿನ ನೂಕುತ್ತಿದ್ದ. ಅವನ ತಾಯಿ ಮುನಿರತ್ನಮ್ಮ ತನ್ನದೊಂದನ್ನು ಕೊಡಲು ಹೋಗಿ, ಸಕ್ಕರೆ ಕಾಯಿಲೆಯೆಂದು ವಾಪಸ್ಸಾಗಿದ್ದಳು. ಚೈತ್ರಳದು ಹೊಂದಿತು. ಆದರೆ ಬೆಂಗಳೂರಿನ ಡಾಕ್ಟರು ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಇಷ್ಟು ದಪ್ಪ ಇರುವವರಿಂದ ತೆಗೆದರೆ ಉಳಿದ ಒಂದರ ಮೇಲೆ ಭಾರ ಬೀಳುತ್ತದೆ, ಇಳಿಸಿಕೊಂಡು ಬನ್ನಿ ಎಂದರು. ಎರಡು ಸಲ ಹೋದಳು, ಎರಡು ಸಲವೂ ಇನ್ನೂ ಇಳಿಯಬೇಕು ಎಂದರು. ಅಷ್ಟರಲ್ಲಿ ನವೀನನ ಎದೆಯೂ ಸೋಲತೊಡಗಿತ್ತು. ಹಬ್ಬ ಮುಗಿದ ಸೋಮವಾರ ಕೊನೆಯ ತೂಕ. ಅಂದು ಸರಿಹೋದರೆ ಅದೇ ವಾರ ಆಪರೇಷನ್. ಇಲ್ಲದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತದೆ, ಮುಂದಿನ ಸರದಿಯವರೆಗೆ ಅವನು ತಡೆಯುತ್ತಾನೆಂದು ನಾನು ಹೇಳಲಾರೆ ಎಂದು ಡಾಕ್ಟರು ನೆಲ ನೋಡಿಕೊಂಡು ಹೇಳಿದ್ದರು.

ಹಬ್ಬಕ್ಕೆ ವಾರ ಮೊದಲೇ ಪಿಳ್ಳಮ್ಮ ಫೋನಿನಲ್ಲಿ ಅತ್ತು ಕರೆದಿದ್ದಳು. "ಕೊಯ್ಯೋಕೆ ಮುಂಚೆ ನಾಕು ದಿನ ನನ್ನ ಕಣ್ಮುಂದೆ ಇರು. ನಿನ್ನ ಪಥ್ಯದ ಅಡುಗೆ ನಾನೇ ಮಾಡಾಕ್ತೀನಿ." ಅತ್ತೆಯೇ ಹೋಗಿ ಬಾ ಎಂದಳು. ಬಂದ ಮೇಲೆ ಪಿಳ್ಳಮ್ಮ ಮಾತಿಗೆ ತಪ್ಪಲಿಲ್ಲ. ಬೆಳಗ್ಗೆ ಅಂಬಲಿ, ಎರಡು ಹೊತ್ತು ಕಿತ್ತಳೆಹಣ್ಣಿನಷ್ಟು ದಪ್ಪದ ರಾಗಿಮುದ್ದೆ, ಎಣ್ಣೆಯಿಲ್ಲದ ಸೊಪ್ಪಿನ ಸಾರು. ಎಲ್ಲ ಬೇರೆ ಪಾತ್ರೆಯಲ್ಲಿ, ಬೇರೆ ಒಲೆಯಲ್ಲಿ. ಚೈತ್ರ ಬೆಳಗ್ಗೆ ಸಂಜೆ ಕೆರೆ ಏರಿಯ ಮೇಲೆ ಬೆವರಿಳಿಯುವಂತೆ ನಡೆದಳು.

ಆದರೂ ತೂಕ ಇಳಿಯಲಿಲ್ಲ. ಹಿಟ್ಟಿನ ಗಿರಣಿಯ ತಕ್ಕಡಿಯ ಮೇಲೆ ದಿನವೂ ಹತ್ತಿ ನೋಡುತ್ತಿದ್ದಳು. ದೊಡ್ಡಬಳ್ಳಾಪುರದಲ್ಲಿ ಇಳಿಯುತ್ತಿದ್ದ ಮುಳ್ಳು ಇಲ್ಲಿ ಬಂದು ನಿಂತಿತು, ಆಮೇಲೆ ಮೇಲಕ್ಕೆ ಹೊರಟಿತು. ತಕ್ಕಡಿಯೇ ಕೆಟ್ಟಿರಬೇಕೆಂದು ಗಿರಣಿಯವನ ಹತ್ತಿರ ಜಗಳವಾಡಿದಳು. ಅವನು ರಾಗಿ ಮೂಟೆ ಇಟ್ಟು ತೋರಿಸಿದ. ತಕ್ಕಡಿ ಸರಿಯಾಗಿತ್ತು. ಅವಳು ಸಾರು ಬಿಟ್ಟಳು, ಸೌತೆಕಾಯಿ ಬಿಟ್ಟಳು, ಇನ್ನೊಂದು ಸುತ್ತು ನಡೆದಳು. ಮುದ್ದೆಯನ್ನೂ ಬಿಡುತ್ತೇನೆಂದಾಗ ಪಿಳ್ಳಮ್ಮ, "ಅದೊಂದಾದ್ರೂ ಒಳಕ್ಕೋಗ್ಲಿ, ಎಲ್ಲಾನ ತಲೆಸುತ್ತಿ ಕೆರೆಗೆ ಬಿದ್ಗಿದ್ದೀಯ," ಎಂದು ಗದರಿದಳು. ತಾನು ಉಸಿರಾಡುತ್ತಿರುವ ಗಾಳಿಯೇ ಕೊಬ್ಬಾಗುತ್ತಿದೆಯೇನೋ ಎಂದು ಚೈತ್ರಳಿಗೆ ಹೆದರಿಕೆಯಾಯಿತು. ತನ್ನ ಮೈಯ ಮೇಲೆಯೇ ಅವಳಿಗೆ ದ್ವೇಷ ಬಂದಿತ್ತು.

ಯುಗಾದಿಯ ಸಂಜೆ ನವೀನ ಫೋನ್ ಮಾಡಿದ.

"ಒಬ್ಬಟ್ಟು ತಿಂದ್ಯೇನೆ?"

"ವಾಸನೆ ತಗೊಂಡೆ. ನೀವು?"

"ನಾನೂ ಅಷ್ಟೇ. ನೀರು ಮಾತ್ರ ಡಾಕ್ಟ್ರು ಹೇಳಿದ್ಕಿಂತ ಅರ್ಧ ಲೋಟ ಜಾಸ್ತಿ ಕುಡುದ್ಬಿಟ್ಟೆ, ಬೈಬೇಡ ಕಣೆ." ಅಷ್ಟು ಹೇಳುವುದಕ್ಕೆ ಅವನು ಎರಡು ಕಡೆ ಉಸಿರು ತೆಗೆದುಕೊಂಡ. "ತೂಕ ಎಷ್ಟಾಯ್ತು?"

"ಇಳೀತಾ ಐತೆ ರೀ," ಎಂದಳು.

ಮರುದಿನ ವರ್ಷದ ತೊಡಕು. ಒಬ್ಬಟ್ಟಿನ ಮಾರನೆಯ ದಿನ ಮಾಂಸದೂಟ. ಆ ದಿನ ಹೇಗಿರುತ್ತಾರೋ ವರ್ಷವೆಲ್ಲ ಹಾಗೆಯೇ ಇರುತ್ತಾರೆಂದು ಅಲ್ಲಿಯ ಜನ ನಂಬುತ್ತಾರೆ. ಅಂದು ಮಕ್ಕಳನ್ನು ಹೊಡೆಯುವುದಿಲ್ಲ, ಯಾರೂ ಅಳುವುದಿಲ್ಲ, ಹಸಿದು ಏಳುವುದಿಲ್ಲ. ಗಂಗಣ್ಣನ ಕಡೆಯ ನೆಂಟರು ಬಂದು ನಡುಮನೆ ತುಂಬಿತ್ತು. ಪಿಳ್ಳಮ್ಮ ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ದೊಡ್ಡ ಪಾತ್ರೆಯ ಮುದ್ದೆ ಇಟ್ಟುಕೊಂಡು ಒಬ್ಬಳೇ ಕುಣಿದಾಡುತ್ತಿದ್ದಳು. ಆ ಗಡಿಬಿಡಿಯಲ್ಲಿಯೂ ಮಗಳ ಮುದ್ದೆಯನ್ನು ಬೇರೆ ತಟ್ಟೆಯಲ್ಲಿ ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟಳು.

ನೆಂಟರ ಎಲೆಗಳಿಂದ ಮಸಾಲೆಯ ವಾಸನೆ ಬರುತ್ತಿತ್ತು. ಚೈತ್ರ ಬೇಗ ಮುಗಿಸಿ ಏರಿಯ ಕಡೆ ಓಡೋಣವೆಂದು ಕೂತಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿಗೆ ಅದ್ದಿ ನುಂಗುತ್ತಾರೆ. ಒಳಗೆ ಏನಿದೆಯೆಂದು ನಾಲಿಗೆ ಕೇಳುವಷ್ಟರಲ್ಲಿ ಗಂಟಲು ದಾಟಿರುತ್ತದೆ. ಎರಡು ತುತ್ತು ಹೋಯಿತು. ಮೂರನೆಯದಕ್ಕೆ ಮುರಿದಾಗ ನಡುವಿನಿಂದ ಬಿಸಿ ತುಪ್ಪ ಬೆರಳ ಸಂದಿನಲ್ಲಿ ಹರಿದು ತಟ್ಟೆಗೆ ಇಳಿಯಿತು. ದಿನವೂ ಹಿಟ್ಟಿನ ಜೊತೆ ತಿರುವಿ ಕಾಣದಂತೆ ಮಾಡುತ್ತಿದ್ದುದನ್ನು ಇವತ್ತು ಪುರುಸೊತ್ತಿಲ್ಲದೆ ಪಿಳ್ಳಮ್ಮ ಹಾಗೆಯೇ ಒಳಗೆ ತುರುಕಿದ್ದಳು.

"ಏನಮ್ಮ ಇದು?"

ಪಿಳ್ಳಮ್ಮ ತಿರುಗಿ ನೋಡಿದಳು. ಸೌಟು ಕೈಯಲ್ಲೇ ಇತ್ತು. "ತುಪ್ಪ."

"ಯಾವತ್ತಿಂದ?"

"ನೀನು ಬಂದಾಗ್ಲಿಂದ. ಅಂಬಲೀಗೆ ಬೆಣ್ಣೆ ಕದಡ್ತಿದ್ದೆ."

"ಅಮ್ಮ, ನಿಂಗೆ ಗೊತ್ತಿಲ್ವಾ? ನಾನು ದಿನಾ ಬಾಯಿ ಕಟ್ಕೊಂಡು, ಆ ಬಿಸ್ಲಲ್ಲಿ..."

"ಗೊತ್ತಿದ್ದೇ ಹಾಕ್ದೆ." ಪಿಳ್ಳಮ್ಮ ಬಾಗಿಲು ಅರ್ಧ ಮುಚ್ಚಿದಳು. "ದಪ್ಪ ಇದ್ರೆ ತೆಗೆಯಲ್ಲ ಅಂದ್ರಲ್ಲ ಡಾಕ್ಟ್ರು. ದಪ್ಪಾನೇ ಇರ್ಲಿ ಅಂತ ಹಾಕ್ದೆ."

"ಅವ್ರು ಸತ್ತೋಗ್ತಾರಮ್ಮ!"

"ಅವ್ನು ಬದುಕ್ಲಿ ಅಂತ ದಿನಾ ದೀಪ ಹಚ್ತೀನಿ ಕಣೆ. ನನ್ನ ಕತ್ತಲ್ಲಿರೋ ಚಿನ್ನ ಕೇಳ್ಲಿ, ಹೊಲ ಕೇಳ್ಲಿ, ಕೊಟ್ಬಿಡ್ತೀನಿ. ಇದು ನಾನು ನನ್ನ ಹೊಟ್ಟೇಲಿಟ್ಕೊಂಡು ಮಾಡಿದ್ದು. ಇದನ್ನ ಕೇಳೋಕೆ ಅವ್ರು ಯಾರು?"

"ಅವ್ರು ಕೇಳ್ಲಿಲ್ಲ. ನಾನೇ ಕೊಡ್ತೀನಂದೆ."

"ನಿಂಗೇನಾದ್ರೂ ಆದ್ರೆ? ಏನೂ ಆಗಲ್ಲ ಅಂತ ಆ ಡಾಕ್ಟ್ರು ಹೇಳ್ಬಿಟ್ರೆ ಆಗೋಯ್ತಾ? ಅವ್ನು ಹೆತ್ತವ್ನಾ ನಿನ್ನ?"

ಚೈತ್ರ ತಟ್ಟೆ ಬಿಟ್ಟು ಎದ್ದಳು. ಹಿತ್ತಿಲಿಗೆ ಓಡಿ ದನದ ಕೊಟ್ಟಿಗೆಯ ಹಿಂದೆ ಬಗ್ಗಿ ಬಾಯಿಗೆ ಬೆರಳು ಹಾಕಿದಳು. ಒಂದಿಷ್ಟು ಹೊರಗೆ ಬಂತು. ವಾರದಿಂದ ಹೋಗಿದ್ದು ಎಲ್ಲಿ ಬರಬೇಕು? ಅವಳು ಮತ್ತೆ ಬೆರಳು ಹಾಕಿದಳು, ಮತ್ತೆ ಮತ್ತೆ ಹಾಕಿದಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. ಹಿಂದಿನಿಂದ ಬಂದ ಪಿಳ್ಳಮ್ಮ ಅವಳ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಳು. ಮಗಳು ವಾಂತಿ ಮಾಡುವಾಗ ಹಣೆ ಹಿಡಿಯುವುದು ಅವಳ ಕೈಗೆ ತಾನಾಗಿ ಬಂದ ಕೆಲಸ.

"ತೊಡಕಿನ ದಿನ ಅಳ್ಬ್ಯಾಡ ಕಣೆ. ವರ್ಷವೆಲ್ಲ ಅಳ್ತೀಯ," ಎಂದಳು. ಹಾಗೆನ್ನುತ್ತಿದ್ದವಳೂ ಅಳುತ್ತಲೇ ಇದ್ದಳು.

ಚೈತ್ರ ಆ ಕೈಯನ್ನು ಕಿತ್ತು ತಳ್ಳಿದಳು. "ಬ್ಯಾಡ. ಮುಟ್ಬೇಡ ನನ್ನ. ಅವ್ರಿಗೆ ಏನಾದ್ರೂ ಆದ್ರೆ ನಿನ್ನ ಮುಖ ನಾನು ಜನ್ಮದಲ್ಲಿ ನೋಡಲ್ಲ."

ಪಿಳ್ಳಮ್ಮ ತಳ್ಳಿಸಿಕೊಂಡಲ್ಲಿಯೇ ಗೋಡೆಗೆ ಒರಗಿ ನಿಂತಳು. ಚೈತ್ರ ಮುಖ ತೊಳೆದು, ಒಳಗೆ ಹೋಗಿ, ಬ್ಯಾಗಿಗೆ ಬಟ್ಟೆ ತುಂಬಿಕೊಂಡು ನಡುಮನೆಯಲ್ಲಿ ಊಟಕ್ಕೆ ಕೂತವರ ನಡುವೆಯೇ ಹೊರಟಳು. "ಎಲ್ಲಿಗಮ್ಮ, ತೊಡಕಿನ ದಿನ?" ಎಂದು ಗಂಗಣ್ಣ ಎಂಜಲು ಕೈಯಲ್ಲಿ ಎದ್ದು ನಿಂತ. ಅವಳು ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಇನ್ನು ಉಳಿದಿರುವುದು ಎರಡೇ ದಿನ. ಎರಡು ದಿನದಲ್ಲಿ ಒಂದು ವಾರದ ಬೆಣ್ಣೆ ತುಪ್ಪ ಹೇಗೆ ಕರಗಬೇಕು? ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ನಡೆದಳು, ನಿಂತರೆ ನವೀನನ ಉಸಿರು ಕಿವಿಯಲ್ಲಿ ಕೇಳುತ್ತಿತ್ತು. ಊರಾಚೆಯ ತಿರುವು ದಾಟುವಷ್ಟರಲ್ಲಿ ಖಾಲಿ ಹೊಟ್ಟೆಗೆ ಕಾಲು ಸೋತವು. ಹಿಂದೆ ಯಾರೋ ಬರುತ್ತಿರುವ ಸದ್ದಾಯಿತು. ತಿರುಗಿದಳು. ಪಿಳ್ಳಮ್ಮ. ಮನೆತುಂಬ ನೆಂಟರನ್ನು ಎಲೆಯ ಮುಂದೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಏದುಸಿರು ಬಿಡುತ್ತ ಬರುತ್ತಿದ್ದಳು. ಚೈತ್ರ ಮುಖ ತಿರುಗಿಸಿ ಮತ್ತೆ ಹೆಜ್ಜೆ ಹಾಕಿದಳು.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂದು ಪಕ್ಕದಲ್ಲಿ ನಿಧಾನವಾಯಿತು. "ಹತ್ತಕ್ಕ. ಹಬ್ಬದ ದಿನ, ಇದು ಬಿಟ್ರೆ ಸಂಜೇಗೇ," ಎಂದು ಕಂಡಕ್ಟರ್ ಬಾಗಿಲಲ್ಲಿ ನೇತಾಡಿದ. ಚೈತ್ರಳ ಕಾಲು ತಾವಾಗಿ ನಿಂತವು. ಅವಳಿಗೆ ತಲೆ ತಿರುಗುತ್ತಿತ್ತು. ಕೈ ಬಾಗಿಲ ಕಂಬಿಯ ಕಡೆ ಹೋಯಿತು.

ಪಿಳ್ಳಮ್ಮ ಬಂದು ತಲುಪಿದಳು. ಬಸ್ಸನ್ನು ನೋಡಿದಳು, ಮಗಳ ಮುಖ ನೋಡಿದಳು.

"ನೀನು ಹೋಗಪ್ಪ," ಎಂದಳು ಕಂಡಕ್ಟರಿಗೆ. "ಅವಳು ನಡೀಬೇಕು."

"ಈ ಬಿಸ್ಲಲ್ಲಾ ಅಜ್ಜಿ?"

"ಹ್ಞೂಂ. ಹೋಗು."

ಕಂಡಕ್ಟರ್ ನಗುತ್ತ ಸೀಟಿ ಊದಿದ. ಬಸ್ಸು ಮುಂದೆ ಹೋಗಿ ಹುಣಸೆಮರಗಳ ಹಿಂದೆ ಮರೆಯಾಯಿತು. ಚೈತ್ರ ನಿಂತೇ ಇದ್ದಳು. ಪಿಳ್ಳಮ್ಮ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಿರ್ರನೆ ನಡಿ ಮಗ," ಎಂದಳು. "ಮೆಲ್ಲಗೆ ನಡುದ್ರೆ ಕರಗಲ್ಲ."

ಹೇಳಿ, ಬಿಸಿಲಿಗೆ ಕಾದ ಟಾರಿನ ಮೇಲೆ ಬರಿಗಾಲಲ್ಲಿ ತಾನೇ ಮುಂದಾಗಿ ಹೊರಟಳು.