ಮಾವನ ಎರಡು ಗಂಟೆ

ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮೊಮ್ಮಗಳು ಗುಬ್ಬಿ, ಅವಳ ಅಮ್ಮ, ಸೋದರಮಾವ ಮೂವರೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಮೂವರಿಂದಲೂ ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಅಮ್ಮ ಪಕ್ಕದಲ್ಲಿದ್ದರೆ ಅಜ್ಜಿ ಹೊಟ್ಟೆ ತುಂಬ ಉಣ್ಣುತ್ತಿದ್ದರು; ಆದರೆ ಅಮ್ಮ ಹೆದರಿ ಅವರನ್ನು ಮಂಚದಿಂದ ಇಳಿಯಗೊಡುತ್ತಿರಲಿಲ್ಲ. ಮಾವ ಕೈಹಿಡಿದು ನಡೆಸುತ್ತಿದ್ದ, ಜೊತೆಗೆ ನಗಿಸಿ ನಗಿಸಿ ನಿದ್ದೆ ಹಾರಿಸಿಬಿಡುತ್ತಿದ್ದ. ಗುಬ್ಬಿ ಮೆಲುದನಿಯಲ್ಲಿ ಓದಿ ಹೇಳಿದರೆ ಅಜ್ಜಿ ಊಟ ಬಿಟ್ಟು ನಿದ್ದೆಹೋಗುತ್ತಿದ್ದರು.

ಹೊತ್ತನ್ನು ಮೂರು ಸಮಪಾಲು ಮಾಡಿ ನೋಡಿದ್ದಾಯಿತು. ಅಜ್ಜಿಗೆ ನಿದ್ದೆಯೇ ಇಲ್ಲವಾಯಿತು.

"ಸಾಕು ಕಣೋ ನಿನ್ನ ಸರ್ಕಸ್ಸು. ನಾಳೆಯಿಂದ ಬರಬೇಡ," ಎಂದಳು ಅಮ್ಮ.

"ಅಕ್ಕಾ, ಅಮ್ಮ ನಗ್ತಾಳೆ ಕಣೇ."

"ನಕ್ಕರೆ ಮೂಳೆ ಕೂಡುತ್ತಾ?"

ಮಾವ ಚಪ್ಪಲಿ ಹುಡುಕತೊಡಗಿದ.

ಗುಬ್ಬಿ ಗಣಿತ ಓದುತ್ತೇನೆಂದಾಗ ಮನೆಯವರೆಲ್ಲ ಮೂಗು ಮುರಿದಿದ್ದರು. ಪ್ರವೇಶ ಪರೀಕ್ಷೆಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಹೊರಗೆ ಕಾದು ಕೂತವನು ಈ ಮಾವನೊಬ್ಬನೇ. ಆದರೆ ಅವನನ್ನು ಉಳಿಸಿಕೊಳ್ಳುವ ದಾರಿ ಅವಳಿಗೂ ಕಂಡಿರಲಿಲ್ಲ. ಅವಳೂ ಹಿಂದಿನ ದಿನ ಲೆಕ್ಕ ಹಾಕಿದ್ದಳು: ಒಬ್ಬೊಬ್ಬರ ಒಂದು ಗಂಟೆ ಊಟ, ನಡಿಗೆ, ನಿದ್ದೆಗೆ ಏನು ಕೂಡುತ್ತದೆ, ಏನು ಕಳೆಯುತ್ತದೆ ಎಂಬ ಅಂಕಿಗಳ ಚೌಕಪಟ್ಟಿ, ಒಂದು ಮ್ಯಾಟ್ರಿಕ್ಸ್. ಗಣಿತದವರ ಚಾಳಿಯಂತೆ ಮೂವರಿಗೂ ಒಂದೊಂದು ಗಂಟೆ ಇಟ್ಟು ಗುಣಿಸಿ, ನಿದ್ದೆ ಮೈನಸ್ಸಾಗಿದ್ದು ಕಂಡು ಕೈಚೆಲ್ಲಿದ್ದಳು.

ಮಾವನಿಗೆ ಚಪ್ಪಲಿ ಸಿಕ್ಕಿತು. ಆಗ ಅವಳಿಗೆ ಹೊಳೆಯಿತು: ಸಮ ಇರಬೇಕೆಂದವರು ಯಾರು? ಎಲ್ಲರ ಪಾಲೂ ಸೊನ್ನೆಗಿಂತ ಹೆಚ್ಚಿದ್ದು, ಫಲವೆಲ್ಲವೂ ಸೊನ್ನೆಗಿಂತ ಹೆಚ್ಚಾಗುವ ಹಂಚಿಕೆ ಒಂದೇ ಒಂದು ಸಿಕ್ಕರೂ ಸಾಕಲ್ಲ! ಮಾತ್ರೆಯ ಡಬ್ಬಿ ಹರಿದು ಅದರ ಒಳಮೈ ಮೇಲೆ ಬರೆದಳು.

"ಮಾವ, ನಿಲ್ಲು! ಅಮ್ಮಾ, ನಿನ್ನ ಗಂಟೆಗೆ ಊಟ ಎರಡು ಏರುತ್ತೆ, ನಡಿಗೆ ಒಂದು ಇಳಿಯುತ್ತೆ. ಮಾವನದು ನಡಿಗೆಗೆ ಎರಡು ಏರಿಕೆ, ನಿದ್ದೆಗೆ ಎರಡು ಇಳಿಕೆ. ನಂದು ನಿದ್ದೆಗೆ ಒಂದು ಏರಿಕೆ, ಊಟಕ್ಕೆ ಒಂದು ಇಳಿಕೆ. ದಿನಕ್ಕೆ ನೀನು ಮೂರು ಗಂಟೆ, ಮಾವ ಎರಡು, ನಾನು ಐದು. ಕೂಡಿ ನೋಡು, ಮೂರರಲ್ಲೂ ಒಂದೊಂದು ಉಳಿಯುತ್ತೆ. ಮಾವನಿಗೆ ಸೊನ್ನೆ ಇಟ್ಟರೆ ನಡಿಗೆ ಯಾವತ್ತೂ ಏಳಲ್ಲ. ನಡೀದಿದ್ರೆ ಹಾಸಿಗೆನೇ ಗತಿ ಅಂತ ಡಾಕ್ಟರು ಹೇಳಿಲ್ವಾ?"

ಮಗಳ ಬಾಯಿಂದ ಇಷ್ಟು ಮಾತು ಒಟ್ಟಿಗೆ ಉದುರಿದ್ದನ್ನು ಅಮ್ಮ ಕೇಳಿಯೇ ಇರಲಿಲ್ಲ. "ಐದು ಗಂಟೆ? ನಿನ್ನ ಓದು?"

"ಅಜ್ಜಿ ಮಲಗಿದಾಗ ಓದ್ಕೋತೀನಿ."

ಒಳಗಿಂದ ಅಜ್ಜಿ ಕೂಗಿದರು: "ನಾನೇನು ಜಮೀನಾ, ಅಳತೆ ಹಾಕಿ ಹಂಚ್ಕೊಳ್ಳೋಕೆ?"

ಮಾವ ಹೊಟ್ಟೆ ಹಿಡಿದು ನಕ್ಕ. ಅಮ್ಮನೂ ನಕ್ಕಳು, "ಸರಿ, ಒಂದು ವಾರ ನೋಡೋಣ" ಎಂದಳು.

ವಾರ ಕಳೆಯಿತು. ಮಾವ ಬರುವುದು ತುಸು ತಡವಾದ ಒಂದು ಸಂಜೆ ಅಮ್ಮನೇ ಫೋನ್ ಹಚ್ಚಿದಳು. "ನಿನ್ನ ಗಂಟೆ ಶುರುವಾಯ್ತು, ಎಲ್ಲಿ ಸತ್ತೆಯೋ? ಇಲ್ಲಿ ಅಮ್ಮ ನಡೀಬೇಕು ಅಂತ ಕಾಲು ಕೆಳಗಿಟ್ಟುಕೊಂಡು ಕೂತಿದ್ದಾಳೆ."

ಎಲ್ಲರೂ ಬೇಕೆನ್ನುವ ಲೆಕ್ಕವೊಂದು ತನ್ನ ಕೈಗೆ ಸಿಕ್ಕಿತಲ್ಲ ಎಂದು ಗುಬ್ಬಿಯ ಮನಸ್ಸು ತುಂಬಿ ಬಂತು. ಅಂದು ಬಿಸಿಲಲ್ಲಿ ಕಾದದ್ದಕ್ಕೆ ಮಾವನಿಗೆ ಎದುರು ನಿಂತು ಥ್ಯಾಂಕ್ಸ್ ಹೇಳುವುದು ಅವಳಿಂದಾಗದು. ಎದ್ದು ಹೋಗಿ, ಅವನು ಬರುವ ಮೊದಲೇ ಬಾಗಿಲು ತೆರೆದಿಟ್ಟಳು.