ಜವುಗಿನ ಆನೆ

"ಎಡಗಡೆಯವರು ಎತ್ತಿ ಹಿಡೀರಪ್ಪ, ಅಕ್ಕ ಜಾರ್ತಾಳೆ!" ಮ್ಯಾಲಕಿ ಗದರಿದ.

"ಇನ್ನೂ ಎತ್ತಬೇಕಂದ್ರೆ ನಂಗೊಂದು ಏಣಿ ಕೊಡಿಸು," ಎಂದ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಕುಳ್ಳ ಟಾಸಿ. ಪಾದ್ರಿಗಳು ಕೆಮ್ಮಿದರು. ಡಬ್ಲಿನ್ನಿನಿಂದ ಬಂದಿದ್ದ ನೆಂಟರು ಮುಖ ತಗ್ಗಿಸಿದರು.

ಶವಯಾತ್ರೆ ಸತ್ತವರ ಮನೆ ಮುಂದೆ ಒಂದು ಗಳಿಗೆ ನಿಲ್ಲುವುದು ವಾಡಿಕೆ. ಮನೆ ಬೇಡ, ಜವುಗಿನ ಮುಂದೆ ನಿಲ್ಲಿಸಿ ಎಂದು ಡಿಂಪ್ನಾ ಹೇಳಿಟ್ಟು ಹೋಗಿದ್ದಳು. ದಾರಿಯಲ್ಲಿ ಎರಡು ಕುರ್ಚಿಯಿಟ್ಟು ಪೆಟ್ಟಿಗೆ ಇಳಿಸಿದರು. ಅದರ ಮೇಲೆ ಹಳೆಯ ಹಾಸಿಗೆ ಬಟ್ಟೆ; ಅದರ ತುಂಬ ಕಪ್ಪು ಕೆಸರಿನಲ್ಲಿ ಮಕ್ಕಳು ಬರೆದ ಕೊಕ್ಕರೆ, ಕಪ್ಪೆ.

ಶಾಲೆಯ ಅಡುಗೆಮನೆಯಲ್ಲಿ ಆಯಸ್ಸು ಸವೆಸಿದ ಡಿಂಪ್ನಾ ತನ್ನ ಪಾಲಿನ ಜವುಗಿಗೆ ಗುದ್ದಲಿ ತಾಗಿಸಲು ಬಿಟ್ಟಿರಲಿಲ್ಲ. ಈಗ ಅದು ತಮ್ಮ ಮ್ಯಾಲಕಿಯದು. ಸೋಮವಾರ ಟಾಸಿಯ ಜೆಸಿಬಿ ಬಂದು ಕಾಲುವೆ ತೋಡಿ ನೀರು ಬಸಿದರೆ, ಒಣಗಿಸಿ ಸೌದೆಯಂತೆ ಒಲೆಗೆ ಹಾಕುವ ಜವುಗು ಮಣ್ಣಿನ ಹೆಂಟೆ ಕಡಿಯಬಹುದು. ಹಿಂದೆ ನಿಂತ, ಡಿಂಪ್ನಾಳ ಜೊತೆ ಆ ಜವುಗಿನಲ್ಲಿ ಆಡಿ ಬೆಳೆದ ಹುಡುಗ ಹುಡುಗಿಯರಿಗೂ ಅದು ಗೊತ್ತಿತ್ತು.

* * *

ಅಕ್ಕ ಇದ್ದಾಗ ಪ್ರತಿ ಬೇಸಿಗೆಯಲ್ಲೂ ಅದೇ ಕಥೆ. ಮ್ಯಾಲಕಿ ತನ್ನ ಪಾಲಿನ ಒಣಗಿದ ಬದಿಯಲ್ಲಿ ಬೆನ್ನು ಬಗ್ಗಿಸಿ ಹೆಂಟೆ ತಿರುವುತ್ತಿದ್ದರೆ, ಅಕ್ಕನ ಒದ್ದೆ ಬದಿಯಿಂದ ಅವಳು ಕರೆದೊಯ್ದ ಶಾಲೆ ಮಕ್ಕಳ ಕೇಕೆ ಕೇಳುತ್ತಿತ್ತು. ಸಂಜೆ ಅಕ್ಕ ಪಾಚಿಯ ಗಡ್ಡ ಅಂಟಿಸಿಕೊಂಡು ಪಾದ್ರಿಗಳ ದನಿಯಲ್ಲಿ ಆಶೀರ್ವಾದ ಮಾಡುತ್ತ ಬರುತ್ತಿದ್ದಳು.

"ನಾಳೆ ನೀನೂ ಬಾರೋ. ಬೂಟು ಬಿಚ್ಚಿ ಬಾ. ಆನೆ ತೋರಿಸ್ತೀನಿ."

"ಈ ಊರಲ್ಲಿ ಆನೆ! ಮಕ್ಕಳ ತಲೆ ಕೆಡಿಸಿದ್ದು ಸಾಲ್ದು ಅಂತ ನಂದೂ ಕೆಡಿಸ್ತೀಯಾ? ಕೆಲಸ ಇದೆ ಹೋಗು."

ಜೀವಮಾನವೆಲ್ಲ ಜವುಗು ಕಡಿದವನು ಆ ಒದ್ದೆ ಬದಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ.

* * *

"ಮಾವ, ಪೆಟ್ಟಿಗೆ ಮೇಲೆ ಪಾಚಿ ಇಡಬೇಕಂತೆ. ನೀವೇ ಕೀಳಬೇಕಂತೆ," ಎಂದಳು ಕಾಲೇಜು ಹುಡುಗಿ ಕ್ಲೀನಾ.

"ಇಲ್ಲೇ ಇದೆಯಲ್ಲೇ."

"ಇದು ಹಸಿರು. ಡಿಂಪ್ನಾ ಅತ್ತೆ ಕೇಳಿದ್ದು ಕೆಂಪು. ಅಗೋ, ಆ ಒದ್ದೆ ಬದಿಯಲ್ಲಿ."

ಸತ್ತವಳ ಮಾತು, ಮೀರುವಂತಿಲ್ಲ. ಮ್ಯಾಲಕಿ ಹೊಸ ಬೂಟಿನಲ್ಲೇ ಹೋದ. ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು. ಬಗ್ಗಿ ಕೆಂಪು ಪಾಚಿ ಹಿಡಿದನೋ ಇಲ್ಲವೋ, ಕಾಲಡಿಯಲ್ಲಿ ನೀರಿನ ಮೇಲೆ ತೇಲುತ್ತಿದ್ದ ನೆಲ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಟೋಪಿ ಕೆಳಗುರುಳಿತು. ಒಂದು ಬೂಟು ಗುಳುಕ್ಕೆಂದು ಹೂತುಹೋಯಿತು. ಅವನು ಮೊಸರಿನ ಕೆನೆಯ ಮೇಲೆ ಕೂತ ನೊಣದಂತೆ ತೂಗಾಡಿದ.

ತಿರುಗಿ ನೋಡಿದರೆ, ಸಾವಿನ ಕಪ್ಪು ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಬರಿಗಾಲಲ್ಲಿ, ಕೈಕೈ ಹಿಡಿದು, ಮುಖ ಬಿಗಿದುಕೊಂಡು ಒಟ್ಟಿಗೆ ಕುಪ್ಪಳಿಸುತ್ತಿದ್ದರು.

"ಏನ್ರೋ ಇದು!"

"ಆನೆ, ಮಾವ," ಎಂದಳು ಕ್ಲೀನಾ. ಹಾರುವುದು ನಿಲ್ಲಿಸಲಿಲ್ಲ. "ಅದರ ಬೆನ್ನ ಮೇಲೇ ನಿಂತಿದ್ದೀರಿ. ಒಂದ್ಸಲನಾದ್ರೂ ನಿಮಗೆ ತೋರ್ಸಿ ಅಂದಿದ್ರು ಅತ್ತೆ."

ಪ್ರಾರ್ಥನೆ ನಿಂತಿತು. ಆ ದಾರಿಯ ಅಡಿಯೂ ಜವುಗೇ; ಕುರ್ಚಿಗಳ ಮೇಲಿದ್ದ ಪೆಟ್ಟಿಗೆ ಮೆಲ್ಲಗೆ ಕಿರುಗುಟ್ಟಿ ತೂಗಿತು. ಮ್ಯಾಲಕಿ ಅದನ್ನೇ ನೋಡುತ್ತ ನಿಂತ. ಆಮೇಲೆ ಬಗ್ಗಿ ಇನ್ನೊಂದು ಬೂಟನ್ನೂ ಕಿತ್ತು ದಡಕ್ಕೆ ಎಸೆದ.

"ಸೋಮವಾರ ಎಷ್ಟೊತ್ತಿಗೆ ಬರ್ಲಿ ಮತ್ತೆ?" ಟಾಸಿ ಬೂಟು ಹಿಡಿದು ಕೇಳಿದ.

"ಬೂಟು ಬಿಚ್ಚಿ ಬಾ. ಜೆಸಿಬಿ ಮನೇಲೇ ಇರ್ಲಿ. ಏ ಕ್ಲೀನಾ, ಇನ್ನೊಂದ್ಸಲ ಹಾರ್ರೇ!"

ಹಾರಿದರು. ಪಾದ್ರಿಗಳೂ ನಕ್ಕರು, ಡಬ್ಲಿನ್ನಿನವರೂ ನಕ್ಕರು. ಮುಷ್ಟಿಯ ಕೆಂಪು ಪಾಚಿಯಿಂದ ನೀರು ಸುರಿಸುತ್ತ ಏರಿಳಿಯುತ್ತಿದ್ದ ಮ್ಯಾಲಕಿಯ ನಗು ಮಾತ್ರ ಅವರೆಲ್ಲರ ನಗುವನ್ನೂ ಮುಳುಗಿಸಿ ಜವುಗಿನ ಆಚೆ ದಡಕ್ಕೆ ಕೇಳಿಸಿತು.