ಸೀಲು ಒಡೆಯದ ಡಬ್ಬಿಗಳು

“ನಿನ್ನ ಇಟ್ಕೊಂಡಿರೋದು ಬಾಟ್ಲಿ ತೊಳಿಯೋಕೆ, ಮುಂಡೇದೆ. ಒಳಗೇನಿತ್ತು ಅಂತ ಕೇಳೋಕಲ್ಲ.”

ಇಷ್ಟು ಹೇಳಿ ಲ್ಯಾಬಿನ ಸಾಹೇಬರು, ನೆಲದ ಮೇಲಿನ ಆಸಿಡ್ಡು ತಾಗೀತೆಂದು ಪ್ಯಾಂಟು ಎತ್ತಿ ಹಿಡಿದು ತೊಳೆಯುವ ಕೋಣೆಯಿಂದ ಹೊರಟುಹೋದರು. ಹದಿನೆಂಟು ವರ್ಷದಿಂದ ಅಲ್ಲಿ ಗಾಜು ತೊಳೆಯುತ್ತಿದ್ದ ಬಾಟ್ಲಕ್ಕನಿಗೆ ಬೈಗುಳ ಹೊಸದಲ್ಲ. ಈ ಸಲ ಮಾತ್ರ ಅವಳು ಅದನ್ನು ಮರೆಯಲಿಲ್ಲ.

ಅವಳು ಕೇಳಿದ್ದಾದರೂ ಏನು? ಕೂಲಿಯವರ ಮಕ್ಕಳಿಗೆ ಪುಕ್ಕಟೆ ಹಂಚುವ ಪೌಷ್ಟಿಕ ಪುಡಿಯ ಆರು ಡಬ್ಬಿ ಪರೀಕ್ಷೆಗೆ ಬಂದಿದ್ದವು. ಸೀಸವೋ ಪಾದರಸವೋ ಇದೆಯೇ ಎಂದು ನೋಡಬೇಕಾದರೆ ಪುಡಿಯನ್ನು ಆಸಿಡ್ಡಿನಲ್ಲಿ ಕುದಿಸಿ ಮಷೀನಿಗೆ ಕೊಡಬೇಕು. ಕುದಿಸಿದ ಕೊಳವೆಗಳು ಕಡೆಗೆ ಅವಳ ತೊಟ್ಟಿಗೇ ಬರಬೇಕು. ಒಂದೂ ಬಂದಿರಲಿಲ್ಲ. ಪುಡಿಯಲ್ಲೇನಿತ್ತು, ಕೊಳವೆ ಯಾಕೆ ಬರಲಿಲ್ಲ ಎಂದಷ್ಟೇ ಕೇಳಿದ್ದಳು. ವರದಿ ಮಾತ್ರ ‘ಸುರಕ್ಷಿತ’ ಎಂದು ಹೋಗಿಯಾಗಿತ್ತು. ಡಬ್ಬಿಗಳು ಸೀಲೂ ಒಡೆಯದೆ ಕಸದ ಬುಟ್ಟಿಯ ಪಕ್ಕ ಬಿದ್ದಿದ್ದವು. ಅದೇ ಪುಡಿ ಕುಡಿಯುತ್ತಿದ್ದ ಅವಳ ಮೊಮ್ಮಗಳು ತಿಂಗಳಿಂದ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು.

ಮರುವಾರ ಮೇಲಿನ ಕಚೇರಿಯಿಂದ ದೊಡ್ಡ ಮೇಡಮ್ಮು ಲ್ಯಾಬು ನೋಡಲು ಬಂದರು. ಟೀ ತರುವವನು ರಜೆಯಲ್ಲಿದ್ದ. ಮೂರು ಸಲ ಸೋಪು ಹಾಕಿ ಕೈ ತೊಳೆದು, ಬಿಸಿಯಾಗಿ ಏನಾದರೂ ತಂದುಕೊಡೆಂದು ಸಾಹೇಬರು ಬಾಟ್ಲಕ್ಕನಿಗೆ ಅಪ್ಪಣೆ ಮಾಡಿದರು. ಅವಳು ನಾಲ್ಕು ಸಲ ತೊಳೆದಳು. ಒಂದು ಡಬ್ಬಿಯ ಸೀಲು ಕಿತ್ತು ಎರಡು ಲೋಟ ಕಲಸಿದಳು. ಉಳಿದ ಐದು ಡಬ್ಬಿಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ಹೋದಳು.

ಮೇಡಮ್ಮು ಲೋಟಕ್ಕೆ ಕೈ ಚಾಚಿದಾಗ ತಡೆದಳು.

“ಅಮ್ಮಾ, ಸ್ವಲ್ಪ ತಡೀರಿ. ಇದು ನಮ್ಮ ಮಕ್ಕಳು ಕುಡಿಯೋ ಪುಡಿ. ಚೆನ್ನಾಗಿದೆ ಅಂತ ಸಾಹೇಬ್ರೇ ಸೈನ್ ಹಾಕಿದಾರೆ. ಮೊದ್ಲು ಅವ್ರು ಕುಡೀಲಿ.”

ಸಾಹೇಬರು ನಕ್ಕು, ತಮಗೆ ಸಕ್ಕರೆ ಕಾಯಿಲೆ ಎಂದರು. ಸಕ್ಕರೆ ಹಾಕೇ ಇಲ್ಲವೆಂದು ಅವಳು ಸಮಾಧಾನ ಹೇಳಿದಳು. ಈಗಷ್ಟೇ ತಿಂಡಿಯಾಯಿತು ಎಂದರು. ಅರ್ಧ ಲೋಟವಾದರೂ ಆಗಲಿ ಎಂದಳು. ಅಕ್ಕಪಕ್ಕದ ಮೇಜಿನವರಿಗೆಲ್ಲ ತಕ್ಕಡಿ ಒರೆಸುವ ತುರ್ತು ಕೆಲಸ ನೆನಪಾಯಿತು. ಸಾಹೇಬರು ಲೋಟ ಎತ್ತಿದರು. ಮೀಸೆ ಒದ್ದೆಯಾಯಿತೇ ಹೊರತು ಗಂಟಲು ಅಲುಗಲಿಲ್ಲ.

ಮೇಡಮ್ಮು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. ಐದು ಡಬ್ಬಿಗಳ ಸೀಲಿನ ಮೇಲೂ ಒಂದೊಂದಾಗಿ ಉಗುರಾಡಿಸಿ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತು, ಪರೀಕ್ಷೆ ಈಗಲೇ ಆಗಲಿ, ನೀವೇ ಮಾಡಿ ಎಂದು ಸಾಹೇಬರಿಗೆ ಹೇಳಿದರು.

ಏಪ್ರನ್ನು ಮುಟ್ಟದೆ ವರ್ಷಗಳಾಗಿದ್ದ ಸಾಹೇಬರು ಅದನ್ನು ಹಿಂದುಮುಂದಾಗಿ ಕಟ್ಟಿಕೊಂಡರು. ಸೀಲು ಹರಿದು, ಪುಡಿಯನ್ನು ಕೊಳವೆಗೆ ಸುರಿಯುವಾಗ ಅರ್ಧ ಮೇಜಿನ ಮೇಲೆ ಬಿತ್ತು. ಕೊಳವೆ ಹಿಡಿದು ನಿಂತಿದ್ದ ಬಾಟ್ಲಕ್ಕನ ಕಿವಿಯ ಹತ್ತಿರ ಬಾಗಿ, “ನಿನ್ನ ಕೆಲಸ ಇವತ್ತಿಗೇ ಹೋಯ್ತು ಅಂತ ತಿಳ್ಕೋ” ಎಂದು ಹಲ್ಲು ಕಡಿದರು.

“ಹೋಗ್ಲಿ ಬಿಡಿ ಸಾರ್,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ನೀವು ನಿಧಾನಕ್ಕೆ ಸುರೀರಿ. ಚೆಲ್ಲಿದ್ರೆ ಇನ್ನೂ ನಾಲ್ಕು ಡಬ್ಬಿ ಇವೆ.”